ಪ್ರಾವಸ್ಥೆಯನ್ನು ಅಳೆದೆವೋ, ಕೋಣೆಯ ಉಷ್ಣತೆಯನ್ನೋ?

ಪ್ರತಿ ವರ್ಷವೂ ಬೇಸಿಗೆಯ ಹೊತ್ತಿಗೆ ಸ್ನಾತಕೋತ್ತರ ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿಗಳು ಮೌಲ್ಯಮಾಪನಕ್ಕಾಗಿ ನನ್ನ ಮೇಜಿಗೆ ಬರುತ್ತವೆ. ಮೇಲ್ಮೈ ಧ್ವನಿತರಂಗ ಸಾಧನಗಳನ್ನು ಬಳಸಿದ ವರದಿಗಳಲ್ಲಿ ಒಂದು ಹೇಳಿಕೆ ಬೇರೆ ಬೇರೆ ರೂಪದಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ: ಎರಡು ಸಂಕೇತಗಳ ನಡುವಣ ಪ್ರಾವಸ್ಥಾ ವ್ಯತ್ಯಾಸವನ್ನು 0.01 ಡಿಗ್ರಿಯಷ್ಟು ನಿಖರವಾಗಿ ಅಳೆದಿದ್ದೇವೆ ಎಂಬುದು. ಓದಲು ಸೊಗಸಾಗಿದೆ. ಆದರೆ ಅದೇ ವರದಿಯಲ್ಲಿ ಪ್ರಯೋಗ ನಡೆದ ಕೋಣೆಯ ಉಷ್ಣತೆ ಎಷ್ಟಿತ್ತು ಎಂದು ಹುಡುಕಿದರೆ ಒಂದು ಅಂಕಿಯೂ ಸಿಗುವುದಿಲ್ಲ. ಈ ಲೇಖನ ಆ ಹೇಳಿಕೆಯ ವಿಮರ್ಶೆ. ಸಾಧನದ ಮೇಲೆ ನನಗೆ ಯಾವ ಮುನಿಸೂ ಇಲ್ಲ. ಅದನ್ನು ಕುರಿತು ನಾವು ಬರೆಯುವ, ಬರೆಸುವ, ಅಂಕ ಕೊಡುವ ರೀತಿಯ ಮೇಲಷ್ಟೇ ನನ್ನ ತಕರಾರು.

ಮೊದಲು ಸಾಧನದ ಪರಿಚಯ ಮಾಡಿಕೊಳ್ಳೋಣ. ಘನವಸ್ತುವಿನ ಒಳಗೆ ಮಾತ್ರವಲ್ಲ, ಅದರ ಮೇಲ್ಮೈಗೆ ಅಂಟಿಕೊಂಡಂತೆಯೂ ಸ್ಥಿತಿಸ್ಥಾಪಕ ತರಂಗಗಳು ಸಾಗಬಲ್ಲವು ಎಂದು ಲಾರ್ಡ್ ರ‍್ಯಾಲೆ 1885ರಲ್ಲಿ ಗಣಿತದಿಂದ ತೋರಿಸಿದ. ಭೂಕಂಪಗಳಲ್ಲಿ ಇಂಥ ತರಂಗಗಳಿಗೆ ಮುಖ್ಯ ಪಾತ್ರವಿರಬಹುದೆಂಬ ಅವನ ಊಹೆ ಮುಂದೆ ನಿಜವೂ ಆಯಿತು. ಈ ತರಂಗ ಸಾಗುವಾಗ ಮೇಲ್ಮೈಯ ಕಣಗಳು ಮೇಲೆ ಕೆಳಗೆ, ಹಿಂದೆ ಮುಂದೆ ಚಲಿಸಿ ದೀರ್ಘವೃತ್ತಗಳನ್ನು ರಚಿಸುತ್ತವೆ. ಆಳಕ್ಕೆ ಇಳಿದಂತೆ ಚಲನೆ ಬೇಗ ಕ್ಷೀಣಿಸಿ, ಶಕ್ತಿಯ ಬಹುಪಾಲು ಸುಮಾರು ಒಂದು ತರಂಗದೂರದಷ್ಟು ಆಳದೊಳಗೇ ಉಳಿಯುತ್ತದೆ. 1965ರಲ್ಲಿ ಅಮೆರಿಕದ ಬರ್ಕ್‌ಲಿಯಲ್ಲಿ ವೈಟ್ ಮತ್ತು ವೋಲ್ಟ್‌ಮರ್ ಈ ತರಂಗವನ್ನು ವಿದ್ಯುತ್ತಿನಿಂದ ನೇರವಾಗಿ ಎಬ್ಬಿಸುವ ಸರಳ ಉಪಾಯ ತೋರಿಸಿದರು. ಪೀಜೋವಿದ್ಯುತ್ ಗುಣವಿರುವ ಹರಳಿನ ಮೇಲೆ, ಎರಡು ಬಾಚಣಿಗೆಗಳ ಹಲ್ಲುಗಳನ್ನು ಒಂದರೊಳಗೊಂದು ತೂರಿಸಿಟ್ಟಂತೆ ಲೋಹದ ತೆಳು ಪಟ್ಟಿಗಳನ್ನು ಮೂಡಿಸುವುದು. ಅವುಗಳಿಗೆ ಪರ್ಯಾಯ ವೋಲ್ಟೇಜು ಕೊಡುವುದು. ಹಲ್ಲುಗಳ ಅಂತರಕ್ಕೆ ಹೊಂದುವ ಆವೃತ್ತಿಯಲ್ಲಿ ಹರಳಿನ ಮೇಲ್ಮೈ ಕಂಪಿಸಿ ತರಂಗ ಹೊರಡುತ್ತದೆ. ಸ್ವಲ್ಪ ದೂರದಲ್ಲಿ ಅಂಥದೇ ಇನ್ನೊಂದು ಬಾಚಣಿಗೆ ಜೋಡಿ ಅದನ್ನು ಮತ್ತೆ ವೋಲ್ಟೇಜಾಗಿ ಪರಿವರ್ತಿಸುತ್ತದೆ. ಇಷ್ಟೇ ಸಾಧನ. ಹಳೆಯ ಬಣ್ಣದ ಟೀವಿಗಳನ್ನು ಬಿಚ್ಚಿದವರು 'ಸಾ ಫಿಲ್ಟರ್' ಎಂಬ ಐದು ಕಾಲಿನ ಬಿಲ್ಲೆಯನ್ನು ಕಂಡಿರುತ್ತೀರಿ, ಇದೇ ಕುಲದ್ದು.

ವಿದ್ಯುತ್ಕಾಂತ ತರಂಗಕ್ಕೆ ಹೋಲಿಸಿದರೆ ಈ ತರಂಗ ಬಲು ನಿಧಾನಿ. ಪ್ರಯೋಗಗಳಲ್ಲಿ ಹೆಚ್ಚಾಗಿ ಬಳಸುವ ವೈ-ಝೆಡ್ ಛೇದದ ಲಿಥಿಯಮ್ ನಯೋಬೇಟ್ ಹರಳಿನಲ್ಲಿ ಇದರ ವೇಗ ಸೆಕೆಂಡಿಗೆ 3488 ಮೀಟರ್. ಅಂದರೆ 10 ಮಿಲಿಮೀಟರ್ ದಾಟಲು 2.87 ಮೈಕ್ರೋಸೆಕೆಂಡ್ ಬೇಕು. ಇಷ್ಟೇ ವಿಳಂಬ ಬೇಕೆಂದು ಕೇಬಲ್ ತಂತಿ ಬಳಸಹೊರಟರೆ ಅರ್ಧ ಕಿಲೋಮೀಟರಿಗೂ ಮಿಕ್ಕ ಉದ್ದದ ಸುರುಳಿಯನ್ನು ಹೊತ್ತು ತರಬೇಕಾದೀತು. ಉಗುರಿನಷ್ಟು ಹರಳಿನಲ್ಲಿ ಅಷ್ಟು ವಿಳಂಬ ಸಿಗುವುದೇ ಸಾಧನದ ಹೆಚ್ಚುಗಾರಿಕೆ. ತೊಂದರೆಯ ಮೂಲವೂ ಅದೇ.

ಹೇಗೆಂದು ಒಂದು ಲೆಕ್ಕ ಮಾಡೋಣ. ಪೆನ್ನು ಹಿಡಿದು ನೀವೂ ಮಾಡಿ. ಆವೃತ್ತಿ 100 ಮೆಗಾಹರ್ಟ್ಸ್ ಎಂದಿಟ್ಟುಕೊಳ್ಳಿ. ತರಂಗದೂರ 34.88 ಮೈಕ್ರೋಮೀಟರ್. 10 ಮಿಲಿಮೀಟರ್ ಹಾದಿಯಲ್ಲಿ ಸುಮಾರು 286.7 ತರಂಗಗಳು ಹಿಡಿಸುತ್ತವೆ. ಒಂದೊಂದು ತರಂಗಕ್ಕೂ 360 ಡಿಗ್ರಿ. ಹಾಗಾದರೆ ಹೊಕ್ಕ ಸಂಕೇತಕ್ಕೂ ಹೊರಬಂದ ಸಂಕೇತಕ್ಕೂ ನಡುವೆ ಒಟ್ಟು ಪ್ರಾವಸ್ಥಾ ವ್ಯತ್ಯಾಸ ಸುಮಾರು 1,03,200 ಡಿಗ್ರಿ. ನಾವು ಅಳೆಯಹೊರಟಿರುವುದು ಈ ಲಕ್ಷದಲ್ಲಿ ಆಗುವ ಒಂದೆರಡು ಡಿಗ್ರಿಯ ಬದಲಾವಣೆಯನ್ನು. ಹರಳಿನ ಮೇಲೆ ಲೇಪ ಹಚ್ಚಿ, ಅದು ಹೀರಿದ ಅನಿಲದ ತೂಕದಿಂದ ತರಂಗ ಎಷ್ಟು ನಿಧಾನವಾಯಿತೆಂದು ನೋಡುವ ಸಂವೇದಕಗಳೆಲ್ಲ ಈ ತತ್ತ್ವದ ಮೇಲೇ ನಿಂತಿವೆ. 1979ರಲ್ಲಿ ವೋಲ್ಟ್‌ಯೆನ್ ಮತ್ತು ಡೆಸಿ ಇಂಥ ಆವಿ ಸಂವೇದಕವನ್ನು ಪ್ರಕಟಿಸಿದಂದಿನಿಂದ ಈ ಕ್ಷೇತ್ರ ಬೆಳೆಯುತ್ತಲೇ ಬಂದಿದೆ.

ಈಗ ಉಷ್ಣತೆಯ ಮಾತು. ಇದೇ ಹರಳಿನಲ್ಲಿ ಉಷ್ಣತೆ ಒಂದು ಸೆಲ್ಸಿಯಸ್ ಏರಿದರೆ ವಿಳಂಬ ದಶಲಕ್ಷದಲ್ಲಿ 94 ಭಾಗದಷ್ಟು ಹೆಚ್ಚುತ್ತದೆ. ಕೇಳಲು ಅಲ್ಪ. ಆದರೆ 1,03,200 ಡಿಗ್ರಿಯನ್ನು ಅದರಿಂದ ಗುಣಿಸಿ ನೋಡಿ: 9.7 ಡಿಗ್ರಿ! ಸೆಲ್ಸಿಯಸ್ ಒಂದಕ್ಕೆ ಪ್ರಾವಸ್ಥೆಯ ಹತ್ತಿರ ಹತ್ತು ಡಿಗ್ರಿ. 0.01 ಡಿಗ್ರಿ ನಿಖರತೆ ಬೇಕೆನ್ನುವವರು ಹರಳಿನ ಉಷ್ಣತೆಯನ್ನು ಒಂದು ಸೆಲ್ಸಿಯಸ್ಸಿನ ಸಾವಿರದ ಒಂದು ಭಾಗದೊಳಗೆ ಕಟ್ಟಿಹಾಕಬೇಕು. ಅಷ್ಟೇ ಸಾಲದು. ಸಂಕೇತ ಕೊಡುವ ಆಂದೋಲಕದ ಆವೃತ್ತಿಯೂ 100 ಮೆಗಾಹರ್ಟ್ಸ್‌ನಲ್ಲಿ 10 ಹರ್ಟ್ಸ್ ಆಚೀಚೆ ಆಗಬಾರದು, ಏಕೆಂದರೆ ಆವೃತ್ತಿ ಬದಲಾದರೂ ಒಟ್ಟು ಪ್ರಾವಸ್ಥೆ ಅದೇ ಪ್ರಮಾಣದಲ್ಲಿ ಬದಲಾಗುತ್ತದೆ. ಆಂದೋಲಕ ದಶಲಕ್ಷಕ್ಕೆ ಒಂದು ಭಾಗ ಸರಿದರೂ 0.1 ಡಿಗ್ರಿ ಕೈಬಿಟ್ಟಿತು. ನಮ್ಮ ಕಾಲೇಜು ಪ್ರಯೋಗಾಲಯಗಳಲ್ಲಿ ಕಿಟಕಿ ತೆರೆದು, ಫ್ಯಾನು ಹಾಕಿ, ಮಗ್ಗುಲಲ್ಲಿ ಸೋಲ್ಡರಿಂಗ್ ಐರನ್ ಕಾಯಿಸುತ್ತ ಮಾಡುವ ಪ್ರಯೋಗದಲ್ಲಿ ಇದು ಸಾಧ್ಯವೇ? ನೀವೇ ಯೋಚಿಸಿ.

ಇದಕ್ಕೆ ಉತ್ತರವಾಗಿ ಕೆಲವರು ಎಸ್‌ಟಿ ಛೇದದ ಕ್ವಾರ್ಟ್ಸ್ ಬಳಸಿ ಎನ್ನುತ್ತಾರೆ. ಒಳ್ಳೆಯ ಉತ್ತರವೇ. ಅದರಲ್ಲಿ ಕೋಣೆಯ ಉಷ್ಣತೆಯ ಆಸುಪಾಸಿನ ಒಂದು ಬಿಂದುವಿನಲ್ಲಿ ವಿಳಂಬದ ಬದಲಾವಣೆ ಸೊನ್ನೆಯಾಗಿ, ಆಚೀಚೆ ಹೋದಂತೆ ವರ್ಗದ ಲೆಕ್ಕದಲ್ಲಿ ನಿಧಾನವಾಗಿ ಬೆಳೆಯುತ್ತದೆ. ಆ ಬಿಂದುವಿನಿಂದ 10 ಸೆಲ್ಸಿಯಸ್ ದೂರ ಹೋದರೂ ದಶಲಕ್ಷದಲ್ಲಿ ಮೂರು ಭಾಗಕ್ಕಿಂತ ಸ್ವಲ್ಪ ಹೆಚ್ಚು, ಅಂದರೆ ನಮ್ಮ ಲೆಕ್ಕದ ಹಾದಿಯಲ್ಲಿ ಅರ್ಧ ಡಿಗ್ರಿಗೂ ಕಡಿಮೆ. ಆದರೆ ಕ್ವಾರ್ಟ್ಸಿನ ಪೀಜೋವಿದ್ಯುತ್ ಬೆಸುಗೆ ನಯೋಬೇಟಿಗಿಂತ ಹತ್ತಾರು ಪಟ್ಟು ದುರ್ಬಲ. ಸಂಕೇತ ಸೊರಗುತ್ತದೆ, ಗದ್ದಲ ಮೇಲೇಳುತ್ತದೆ. ಯಾವುದನ್ನು ಬಿಟ್ಟು ಯಾವುದನ್ನು ಹಿಡಿದೆವು ಎಂಬ ಚರ್ಚೆ ವರದಿಯಲ್ಲಿ ಇರಬೇಕು. ಇರುವುದಿಲ್ಲ.

ಇಲ್ಲಿ ನನ್ನದೇ ಒಂದು ಪ್ರಸಂಗ ಹೇಳಬೇಕು. ಬೇರೆಯವರಿಗೆ ಬುದ್ಧಿ ಹೇಳುವ ಮೊದಲು ಅದು ನ್ಯಾಯ. ಕೆಲವು ವರ್ಷಗಳ ಹಿಂದೆ ನನ್ನ ಮಾರ್ಗದರ್ಶನದಲ್ಲಿ ಒಬ್ಬ ವಿದ್ಯಾರ್ಥಿನಿ ಪಾಲಿಮರ್ ಲೇಪವಿರುವ ನಯೋಬೇಟ್ ಸಾಧನದ ಮೇಲೆ ಆಲ್ಕೊಹಾಲ್ ಆವಿಯನ್ನು ಪತ್ತೆ ಮಾಡುವ ಪ್ರಯೋಗ ನಡೆಸಿದಳು. ಮುಚ್ಚಿದ ಪೆಟ್ಟಿಗೆಯೊಳಗೆ ಆಲ್ಕೊಹಾಲಿನಲ್ಲಿ ನೆನೆಸಿದ ಹತ್ತಿಯನ್ನು ಇಟ್ಟ ಕೂಡಲೆ ಪ್ರಾವಸ್ಥೆ ಸುಮಾರು 20 ಡಿಗ್ರಿ ಬದಲಾಯಿತು. ಹತ್ತಿ ತೆಗೆದರೆ ಹಿಂದಕ್ಕೆ ಬಂತು. ಹತ್ತು ಸಲ ಮಾಡಿದರೂ ಹಾಗೇ. ನನಗಾದ ಸಂತೋಷ ಹೇಳತೀರದು. ಒಂದು ವಿಚಾರ ಸಂಕಿರಣಕ್ಕೆ ಸಾರಾಂಶವನ್ನೂ ಕಳುಹಿಸಿಬಿಟ್ಟೆವು.

ಒಂದು ಮಧ್ಯಾಹ್ನ ಕರೆಂಟು ಹೋಯಿತು. ಉಪಕರಣಗಳು ಯುಪಿಎಸ್ ಮೇಲೆ ಓಡುತ್ತಿದ್ದವು. ಫ್ಯಾನು ಮಾತ್ರ ನಿಂತಿತು. ಆ ಹುಡುಗಿ ಮಾಪನದ ಪುಸ್ತಕದಲ್ಲಿ ಸಮಯ ಹಾಕಿ, ಫ್ಯಾನು ನಿಂತಿತು ಎಂದು ಬರೆದುಕೊಂಡಳು. ನಾನಾಗಿದ್ದರೆ ಬರೆಯುತ್ತಿರಲಿಲ್ಲ. ಸಂಜೆ ನಕ್ಷೆ ಎಳೆದು ನೋಡಿದರೆ, ಪೆಟ್ಟಿಗೆಯಲ್ಲಿ ಯಾವ ಆವಿಯೂ ಇಲ್ಲದ ಆ ಹೊತ್ತಿನಲ್ಲಿ ಪ್ರಾವಸ್ಥೆ ಹದಿನೈದು ಡಿಗ್ರಿ ಸರಿದಿತ್ತು. ಆಗ ಹೊಳೆಯಿತು. ಆಲ್ಕೊಹಾಲ್ ಆವಿಯಾಗುವಾಗ ಸುತ್ತಣ ಶಾಖವನ್ನು ಹೀರಿ ತಂಪು ಮಾಡುತ್ತದೆಯಲ್ಲವೇ? ಹರಳು ಎರಡು ಸೆಲ್ಸಿಯಸ್ ತಣ್ಣಗಾದರೆ ಸಾಕು, ನಮ್ಮ 20 ಡಿಗ್ರಿ ಸಿಕ್ಕಿಹೋಯಿತು. ಹತ್ತನೆಯ ತರಗತಿಯ ಪಾಠ. ಲೇಪ ಆವಿಯನ್ನು ಹೀರಿತ್ತೋ ಇಲ್ಲವೋ, ನಮ್ಮ ಅಳತೆಯಿಂದ ಹೇಳುವಂತೆಯೇ ಇರಲಿಲ್ಲ.

ಇದನ್ನು ಮೊದಲೇ ಹಿಡಿಯಬಹುದಾಗಿತ್ತು. ಲೇಪದ ತೂಕ ಹೆಚ್ಚಿದರೆ ತರಂಗ ನಿಧಾನವಾಗಿ ಪ್ರಾವಸ್ಥೆ ಹಿಂದೆ ಬೀಳಬೇಕು. ಹರಳು ತಣ್ಣಗಾದರೆ ವಿಳಂಬ ಕಡಿಮೆಯಾಗಿ ಅದು ಮುಂದಕ್ಕೆ ಬರಬೇಕು. ಎರಡೂ ವಿರುದ್ಧ ದಿಕ್ಕುಗಳು. ಆದರೆ ನಾವು ಬಳಸುತ್ತಿದ್ದ ಪ್ರಾವಸ್ಥಾ ಮಾಪಕ ಬಿಲ್ಲೆಗೆ ದಿಕ್ಕೇ ತಿಳಿಯದು. ವಿದ್ಯಾರ್ಥಿ ಪ್ರಾಜೆಕ್ಟುಗಳಲ್ಲಿ ಜನಪ್ರಿಯವಾದ ಎಡಿ 8302 ಎಂಬ ಆ ಬಿಲ್ಲೆ 0ಯಿಂದ 180 ಡಿಗ್ರಿಯವರೆಗೆ ಮಾತ್ರ ವೋಲ್ಟೇಜು ಕೊಡುತ್ತದೆ, ಡಿಗ್ರಿಗೆ 10 ಮಿಲಿವೋಲ್ಟ್ ಲೆಕ್ಕದಲ್ಲಿ. ಸಂಕೇತ 90 ಡಿಗ್ರಿ ಮುಂದಿದ್ದರೂ ಹಿಂದಿದ್ದರೂ ಅದರ ಉತ್ತರ ಒಂದೇ. ಎರಡೂ ತುದಿಗಳ ಹತ್ತಿರ ಅದರ ಉತ್ತರ ನೇರ ರೇಖೆಯಲ್ಲಿಯೂ ಇರುವುದಿಲ್ಲ. ಆಮೇಲೆ ಎರಡು ಚಾನೆಲ್‌ಗಳ ಆಸಿಲೋಸ್ಕೋಪಿನಲ್ಲಿ ನೋಡಿದಾಗ ಪ್ರಾವಸ್ಥೆ ಮುಂದಕ್ಕೆ ಬಂದಿರುವುದು ಸ್ಪಷ್ಟವಾಗಿ ಕಂಡಿತು. ಸಾರಾಂಶವನ್ನು ಹಿಂತೆಗೆದುಕೊಂಡೆವು. ಅವಳು ವರದಿಯಲ್ಲಿ ನಡೆದದ್ದನ್ನೆಲ್ಲ ಇದ್ದ ಹಾಗೆ ಬರೆದಳು. ಮೌಖಿಕ ಪರೀಕ್ಷೆಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಹಾಗಾದರೆ ಫಲಿತಾಂಶವೇನು ಎಂದು ಕೇಳಿದರು. ನಕ್ಷೆಯಲ್ಲಿ ನೇರ ಗೆರೆ ಎಳೆದು ತಂದಿದ್ದ ಮತ್ತೊಂದು ತಂಡಕ್ಕೆ ಅವಳಿಗಿಂತ ಹೆಚ್ಚು ಅಂಕ ಬಂತು. ಆ ಗೆರೆಯ ಹಿಂದೆ ಯಾವ ಫ್ಯಾನು ತಿರುಗುತ್ತಿತ್ತೋ ಯಾರೂ ಕೇಳಲಿಲ್ಲ. ಮೇಜಿನ ಇನ್ನೊಂದು ಬದಿಯಲ್ಲಿ ಕುಳಿತಿದ್ದ ನಾನೂ ಗಟ್ಟಿಯಾಗಿ ವಾದಿಸಲಿಲ್ಲ ಎಂಬುದು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಇನ್ನು ಆ 0.01 ಡಿಗ್ರಿಯ ಮೂಲ. ಡಿಗ್ರಿಗೆ 10 ಮಿಲಿವೋಲ್ಟ್ ಕೊಡುವ ಬಿಲ್ಲೆಯನ್ನು 10 ಬಿಟ್‌ಗಳ ಆರ್ಡುಯಿನೊ ಫಲಕಕ್ಕೆ ಜೋಡಿಸುತ್ತಾರೆ. 5 ವೋಲ್ಟನ್ನು 1024 ಮೆಟ್ಟಿಲುಗಳಾಗಿ ಹಂಚಿದರೆ ಒಂದೊಂದು ಮೆಟ್ಟಿಲು ಸುಮಾರು 4.9 ಮಿಲಿವೋಲ್ಟ್. ಅಂದರೆ ಅರ್ಧ ಡಿಗ್ರಿ. ಅದರ ಕೆಳಗಿನದು ಆ ಏರ್ಪಾಡಿಗೆ ಕಾಣುವುದೇ ಇಲ್ಲ. ಗಣಕದ ಪರದೆಯ ಮೇಲೆ ದಶಮಾಂಶ ಬಿಂದುವಿನ ನಂತರ ಎರಡು ಅಂಕಿ ಮೂಡಿದ ಮಾತ್ರಕ್ಕೆ ಅಷ್ಟು ಅಳೆದಂತಾಯಿತೇ? ಸಾವಿರಾರು ಸಲ ಅಳೆದು ಸರಾಸರಿ ತೆಗೆದರೆ ಮೆಟ್ಟಿಲಿಗಿಂತ ಸೂಕ್ಷ್ಮವಾದದ್ದನ್ನು ಗುರುತಿಸಬಹುದು ಎಂಬ ವಾದ ಸರಿಯೇ, ಗದ್ದಲ ಮೆಟ್ಟಿಲಿನಷ್ಟಾದರೂ ಇದ್ದರೆ. ಆದರೆ ಸರಾಸರಿಯಿಂದ ಹೋಗುವುದು ಗದ್ದಲ ಮಾತ್ರ. ಉಷ್ಣತೆಯ ಸರಿತ ಸರಾಸರಿಯಲ್ಲೂ ಹಾಗೇ ಕುಳಿತಿರುತ್ತದೆ. ಸೂಕ್ಷ್ಮವಾಗಿ ಓದುವುದು ಬೇರೆ, ನಿಜವಾದ ಬೆಲೆಗೆ ಹತ್ತಿರವಿರುವುದು ಬೇರೆ.

ಬೇರೆ ಬಗೆಯ ಒಂದು ಏರ್ಪಾಡಿನಲ್ಲಿ, ಹೊರಗಿನಿಂದ ಬಂದ ಎರಡು ಸಂಕೇತಗಳ ಪ್ರಾವಸ್ಥಾ ವ್ಯತ್ಯಾಸವನ್ನು ಹರಳಿನ ಮೇಲೆಯೇ ಹೋಲಿಸುತ್ತಾರೆ. ಹರಳಿನ ಎರಡು ತುದಿಗಳ ಬಾಚಣಿಗೆಗಳಿಗೆ ಒಂದೊಂದು ಸಂಕೇತ. ಎದುರುಬದುರಾಗಿ ಬಂದ ತರಂಗಗಳನ್ನು ನಟ್ಟನಡುವಣ ಮೂರನೆಯ ಬಾಚಣಿಗೆ ಕೂಡಿಸಿಕೊಳ್ಳುತ್ತದೆ. ಎರಡು ಹಾದಿಗಳೂ ಸಮವಾಗಿದ್ದರೆ, ಹರಳು ಬಿಸಿಯಾದಾಗ ಎರಡೂ ಒಟ್ಟಿಗೇ ಬದಲಾಗುವುದರಿಂದ ಉಷ್ಣತೆಯ ಕಾಟ ತಾನಾಗಿ ರದ್ದಾಗುತ್ತದೆ. ಇದು ಈ ವಿಧಾನದ ನಿಜವಾದ ಗುಣ, ಮೆಚ್ಚಬೇಕಾದದ್ದೇ. ನಡುವಣ ಬಾಚಣಿಗೆ ಒಂದು ಮೈಕ್ರೋಮೀಟರ್ ಪಕ್ಕಕ್ಕೆ ಸರಿದಿದ್ದರೆ 20 ಡಿಗ್ರಿ ತಪ್ಪು ಬರುತ್ತದೆಯಾದರೂ ಅದು ಸ್ಥಿರವಾದ ತಪ್ಪು, ಒಮ್ಮೆ ಅಳೆದು ಕಳೆದುಬಿಡಬಹುದು.

ಆದರೆ ಇಲ್ಲಿ ಓದುವುದು ಪ್ರಾವಸ್ಥೆಯನ್ನಲ್ಲ, ಕೂಡಿದ ತರಂಗದ ಪಾರವನ್ನು. ಸಮಾನ ಪಾರದ ಎರಡು ತರಂಗಗಳ ಮೊತ್ತ, ಪ್ರಾವಸ್ಥಾ ವ್ಯತ್ಯಾಸದ ಅರ್ಧದ ಕೊಸೈನಿಗೆ ಅನುಪಾತದಲ್ಲಿರುತ್ತದೆ. ವ್ಯತ್ಯಾಸ ಸೊನ್ನೆಯ ಹತ್ತಿರವಿರುವಾಗ ಈ ಕೊಸೈನ್ ಅಲುಗುವುದೇ ಇಲ್ಲ. ಹತ್ತು ಡಿಗ್ರಿ ವ್ಯತ್ಯಾಸವಿದ್ದರೂ ಮೊತ್ತ ನೂರರಲ್ಲಿ 0.4 ಭಾಗ ಮಾತ್ರ ಇಳಿಯುತ್ತದೆ. ಸಂಕೇತದ ಪಾರವೇ ಶೇಕಡಾ ಒಂದು ಇಳಿದರೆ, ಇಲ್ಲದ 16 ಡಿಗ್ರಿ ವ್ಯತ್ಯಾಸ ಇದೆಯೆಂದು ತೋರುತ್ತದೆ! ಅದೇ ಶೇಕಡಾ ಒಂದರ ಇಳಿತ 90 ಡಿಗ್ರಿಯ ಹತ್ತಿರ ಸುಮಾರು 1.15 ಡಿಗ್ರಿಯ ತಪ್ಪನ್ನಷ್ಟೇ ತರುತ್ತದೆ. 180ರ ಹತ್ತಿರ ಮೊತ್ತ ಸೊನ್ನೆಯಾಗುವುದರಿಂದ ಅಲ್ಲಿ ಸೂಕ್ಷ್ಮತೆ ಅತಿ ಹೆಚ್ಚು. ಆದರೆ ಎರಡು ಸಂಕೇತಗಳ ಪಾರದಲ್ಲಿ ನೂರಕ್ಕೆ ಐದರ ಅಂತರವಿದ್ದರೆ ಮೊತ್ತ ಸೊನ್ನೆಗೆ ಇಳಿಯುವುದೇ ಇಲ್ಲ. ಮೂರು ಡಿಗ್ರಿಯಷ್ಟು ಅಲ್ಲೇ ಮರೆಯಾಗುತ್ತದೆ. ಹಾಗಾಗಿ ಇಂಥ ಸಾಧನದ ನಿಖರತೆಯನ್ನು ಒಂದೇ ಅಂಕಿಯಲ್ಲಿ ಹೇಳುವುದು ಅರ್ಥಹೀನ. ಯಾವ ಕೋನದ ಹತ್ತಿರ, ಪಾರ ಎಷ್ಟು ಸ್ಥಿರವಾಗಿದ್ದಾಗ ಎಂದು ಕೇಳಿ.

ಕರೆಯದೆ ಬರುವ ಅತಿಥಿಗಳೂ ಇದ್ದಾರೆ. ಹೊಗುವ ಬಾಚಣಿಗೆಯಿಂದ ಹೊರಡುವ ಬಾಚಣಿಗೆಗೆ ವಿದ್ಯುತ್ಕಾಂತ ತರಂಗ ಗಾಳಿಯಲ್ಲಿ, ತಂತಿಯಲ್ಲಿ ನೇರವಾಗಿ ಹಾರಿಬರುತ್ತದೆ. ಅದಕ್ಕೆ ವಿಳಂಬವೇ ಇಲ್ಲ. ಇನ್ನೊಂದು, ಹೊರಬಾಚಣಿಗೆಯಲ್ಲಿ ಪ್ರತಿಫಲಿಸಿ ಹಿಂದಕ್ಕೆ ಹೋಗಿ ಮತ್ತೆ ಬರುವ, ಮೂರು ಸಲ ಹಾದಿ ತುಳಿದ ತರಂಗ. ಇವುಗಳ ಪಾರ ಮುಖ್ಯ ಸಂಕೇತದ ನೂರನೇ ಒಂದು ಭಾಗವಿದ್ದರೂ, ಅಂದರೆ 40 ಡೆಸಿಬೆಲ್ ಕೆಳಗಿದ್ದರೂ, 0.57 ಡಿಗ್ರಿಯವರೆಗೆ ಪ್ರಾವಸ್ಥೆಯನ್ನು ಕೆಡಿಸಬಲ್ಲವು. 20 ಡೆಸಿಬೆಲ್ ಕೆಳಗಾದರೆ 5.7 ಡಿಗ್ರಿ. ಇದಕ್ಕೆ ಮದ್ದು ಸುಲಭ. ಸತತ ಸಂಕೇತದ ಬದಲು ಒಂದು ಮೈಕ್ರೋಸೆಕೆಂಡಿನ ತುಣುಕು ಸಂಕೇತ ಕೊಟ್ಟರೆ, ನಮ್ಮ 10 ಮಿಲಿಮೀಟರ್ ಹಾದಿಯಲ್ಲಿ ನೇರ ಸಂಕೇತ ಕೂಡಲೆ, ನಿಜವಾದದ್ದು 2.87ರಲ್ಲಿ, ಮೂರು ಸಲ ತಿರುಗಿದ್ದು 8.6 ಮೈಕ್ರೋಸೆಕೆಂಡಿನಲ್ಲಿ ಬೇರೆ ಬೇರೆಯಾಗಿ ಬರುತ್ತವೆ. ನಡುವಣದನ್ನು ಮಾತ್ರ ಆರಿಸಿಕೊಂಡರಾಯಿತು. ಅಷ್ಟು ಸೌಕರ್ಯವಿಲ್ಲದವರು ಆವೃತ್ತಿಯನ್ನು ನಿಧಾನವಾಗಿ ಏರಿಸುತ್ತ ಪಾರವನ್ನು ಗಮನಿಸಲಿ. ಸುಮಾರು 350 ಕಿಲೋಹರ್ಟ್ಸ್‌ಗೊಮ್ಮೆ ಏರಿಳಿತ ಕಂಡರೆ ಅದು ನೇರವಾಗಿ ಹಾರಿಬಂದದ್ದು. ಅದರ ಅರ್ಧ ಅಂತರದಲ್ಲಿ ಕಂಡರೆ ಮೂರು ಸಲ ತಿರುಗಿದ್ದು.

ಕೊನೆಯ ತಕರಾರು ಸುತ್ತುಗಳ ಲೆಕ್ಕದ್ದು. ಪ್ರಾವಸ್ಥೆ 360 ಡಿಗ್ರಿಗೆ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ನಿಮಿಷದ ಮುಳ್ಳು ಎಷ್ಟೇ ಸರಿಯಾಗಿದ್ದರೂ ಗಂಟೆ ಎಷ್ಟೆಂದು ಹೇಳದು. ಬ್ಯಾಟರಿಯಿಲ್ಲದೆ ದೂರದಿಂದಲೇ ರೇಡಿಯೊ ಮೂಲಕ ಓದುವ ಉಷ್ಣತಾ ಸಂವೇದಕಗಳಲ್ಲಿ ಇದು ಚೆನ್ನಾಗಿ ಕಾಣುತ್ತದೆ. 2.45 ಗಿಗಾಹರ್ಟ್ಸ್‌ನಲ್ಲಿ, ಒಂದು ಮೈಕ್ರೋಸೆಕೆಂಡ್ ಅಂತರದ ಎರಡು ಪ್ರತಿಫಲಕಗಳ ನಡುವೆ, ನಯೋಬೇಟ್ ಹರಳಿನಲ್ಲಿ ಸೆಲ್ಸಿಯಸ್ ಒಂದಕ್ಕೆ 83 ಡಿಗ್ರಿ ಬದಲಾವಣೆ. 4.34 ಸೆಲ್ಸಿಯಸ್ ಏರಿದರೆ ಒಂದು ಸುತ್ತು ಮುಗಿದು ಮಾಪಕ ಮೊದಲಿನದನ್ನೇ ತೋರಿಸುತ್ತದೆ. 100 ಸೆಲ್ಸಿಯಸ್ ವ್ಯಾಪ್ತಿಯಲ್ಲಿ ಇಂಥ 23 ಸುತ್ತುಗಳು. ಈ ತಂತ್ರವನ್ನು ರೂಪಿಸಿದವರು ಗಂಟೆಯ ಮುಳ್ಳನ್ನೂ ಇಟ್ಟಿದ್ದಾರೆ. ಮೂವತ್ತರಲ್ಲಿ ಒಂದು ಪಾಲಿನ ಅಂತರವಿದ್ದರೆ ಬದಲಾವಣೆ ಸೆಲ್ಸಿಯಸ್‌ಗೆ 2.8 ಡಿಗ್ರಿ ಮಾತ್ರ, 100 ಸೆಲ್ಸಿಯಸ್‌ಗೂ ಒಂದು ಸುತ್ತು ತುಂಬದು. ಅಳತೆಯಲ್ಲಿ ಮೂರು ಡಿಗ್ರಿ ತಪ್ಪಿದ್ದರೂ ಇದರಿಂದ ಒಂದು ಸೆಲ್ಸಿಯಸ್ ಆಚೀಚೆ ಉಷ್ಣತೆ ತಿಳಿದು ಯಾವ ಸುತ್ತೆಂದು ಗೊತ್ತಾಗುತ್ತದೆ. ಆಮೇಲೆ ದೊಡ್ಡ ಅಂತರದ ಮಾಪನ ಅದನ್ನು 0.04 ಸೆಲ್ಸಿಯಸ್‌ಗೆ ಹರಿತಗೊಳಿಸುತ್ತದೆ. ಪ್ರತಿಫಲಕಗಳು ತೀರ ಹತ್ತಿರವಾದರೆ ಪ್ರತಿಧ್ವನಿಗಳು ಒಂದರ ಮೇಲೊಂದು ಬೀಳುವುದರಿಂದ, ಸ್ವಲ್ಪವೇ ಭಿನ್ನವಾದ ಎರಡು ದೊಡ್ಡ ಅಂತರಗಳನ್ನು ಅಳೆದು ಕಳೆಯುವುದುಂಟು. ಕಳೆದಾಗ ಎರಡರ ತಪ್ಪುಗಳೂ ಕೂಡಿಕೊಳ್ಳುತ್ತವೆ ಎಂಬುದು ನೆನಪಿರಲಿ. ಇಲ್ಲಿ ಇನ್ನೊಂದು ವಿಷಯ ಗಮನಿಸಿ. ನಮ್ಮ ಪ್ರಯೋಗವನ್ನು ಕೆಡಿಸಿದ ಅದೇ 94 ಭಾಗ ಇಲ್ಲಿ ಅಳೆಯುವ ವಸ್ತುವೇ ಆಗಿದೆ.

ಅನಿಲ ಸಂವೇದಕಗಳಲ್ಲಿ ಪರಿಣತರು ಒಂದೇ ಹರಳಿನ ಮೇಲೆ ಎರಡು ಹಾದಿಗಳನ್ನಿಟ್ಟು, ಒಂದಕ್ಕೆ ಮಾತ್ರ ಲೇಪ ಹಚ್ಚಿ, ವ್ಯತ್ಯಾಸವನ್ನು ಓದುತ್ತಾರೆ. ನಾವೂ ಹಾಗೆ ಮಾಡಬೇಕಿತ್ತು. ಆಗಲೂ ಎರಡು ಹಾದಿಗಳ ನಡುವೆ 0.05 ಸೆಲ್ಸಿಯಸ್ ಅಂತರವಿದ್ದರೆ ಅರ್ಧ ಡಿಗ್ರಿ ಉಳಿಯುತ್ತದೆ.

ಅಧ್ಯಾಪಕ ಮಿತ್ರರೇ, ದುಬಾರಿ ಸಾಧನವಿಲ್ಲದೆಯೂ ಇದನ್ನು ವಿದ್ಯಾರ್ಥಿಗಳಿಗೆ ತೋರಿಸಬಹುದು. ಗುಜರಿ ಸೇರಿದ ಹಳೆಯ ಬಣ್ಣದ ಟೀವಿಯಿಂದ ಸಾ ಫಿಲ್ಟರನ್ನು ಬಿಡಿಸಿಕೊಳ್ಳಿ. ನಮ್ಮ ದೇಶದ ಟೀವಿಗಳಲ್ಲಿ ಅದು 38.9 ಮೆಗಾಹರ್ಟ್ಸ್‌ನ ಆಸುಪಾಸಿನಲ್ಲಿ ಕೆಲಸ ಮಾಡುವಂಥದು. ಸಿಗ್ನಲ್ ಜನರೇಟರಿನಿಂದ 36 ಮೆಗಾಹರ್ಟ್ಸ್ ಕೊಟ್ಟು, ಹೊಗುವ ಮತ್ತು ಹೊರಬರುವ ಸಂಕೇತಗಳನ್ನು ಆಸಿಲೋಸ್ಕೋಪಿನ ಎರಡು ಚಾನೆಲ್‌ಗಳಲ್ಲಿ ನೋಡಿ. ಹೊರಬರುವುದು ದುರ್ಬಲವಾಗಿರುತ್ತದೆ, ಒಂದು ಟ್ರಾನ್ಸಿಸ್ಟರ್ ವರ್ಧಕ ಬೇಕಾದೀತು. ವರ್ಧಕವನ್ನು ಫಿಲ್ಟರಿನಿಂದ ದೂರವಿಡಿ, ಅದೂ ಬಿಸಿಯಾದರೆ ಗೊಂದಲ. ಫಿಲ್ಟರಿನ ವಿಳಂಬ ಒಂದು ಮೈಕ್ರೋಸೆಕೆಂಡ್, ಉಷ್ಣತೆಯ ಪರಿಣಾಮ ದಶಲಕ್ಷದಲ್ಲಿ 75 ಭಾಗ ಎಂದಿಟ್ಟುಕೊಂಡರೆ ಸೆಲ್ಸಿಯಸ್ ಒಂದಕ್ಕೆ ಸುಮಾರು ಒಂದು ಡಿಗ್ರಿ ಸರಿಯಬೇಕು. ಕೂದಲು ಒಣಗಿಸುವ ಯಂತ್ರದಿಂದ 20 ಸೆಲ್ಸಿಯಸ್ ಬಿಸಿ ಮಾಡಿದರೆ 19 ಡಿಗ್ರಿ, ಆಸಿಲೋಸ್ಕೋಪಿನ ಪರದೆಯ ಮೇಲೆ ಒಂದೂವರೆ ನ್ಯಾನೋಸೆಕೆಂಡ್. ಫಿಲ್ಟರಿನ ಮೈಗೆ ತಾಪಮಾಪಕ ಒತ್ತಿ ಹಿಡಿದು, ಬಿಸಿಯಾಗುವಾಗಲೂ ಆರುವಾಗಲೂ ಓದಿಕೊಳ್ಳಿ. ಬಿಂದುಗಳು ಗೆರೆಯ ಮೇಲೆ ಕೂರದಿದ್ದರೆ ಅಳಿಸಬೇಡಿ. ಓದುವ ಪ್ರತಿಯೊಂದು ಸಾಲಿನ ಪಕ್ಕದಲ್ಲೂ ಫ್ಯಾನು ಓಡುತ್ತಿತ್ತೋ ನಿಂತಿತ್ತೋ ಎಂದು ಬರೆಯಲು ಒಂದು ಅಂಕಣ ಬಿಟ್ಟಿರಿ.